ಸಾಲದ ಅವಧಿಯೂ ಇಳುವರಿಯ ರೇಖೆಯೂ

2024ರ ಮಳೆಗಾಲದಲ್ಲಿ ಒಂದು ದಿನ, ನಮ್ಮ ಬೀದಿಯ ನಿವೃತ್ತ ಉಪಾಧ್ಯಾಯರೊಬ್ಬರು ತಮ್ಮ ಉಳಿತಾಯದ ಒಂದಂಶವನ್ನು ಠೇವಣಿಯಿಡುವುದಕ್ಕಾಗಿ ಬ್ಯಾಂಕಿಗೆ ಹೊರಟಾಗ, ನಾನೂ ಜೊತೆಗೆ ಹೋಗಿದ್ದೆ. ಗೋಡೆಗೆ ತೂಗುಹಾಕಿದ್ದ ಫಲಕದಲ್ಲಿ ಎಡಗಡೆ ಅವಧಿಗಳೂ ಬಲಗಡೆ ಬಡ್ಡಿಯ ದರಗಳೂ ಇದ್ದವು: ಒಂದು ವರ್ಷಕ್ಕೆ ಶೇಕಡಾ 6.80, 444 ದಿನಗಳಿಗೆ 7.25, ಐದು ವರ್ಷಕ್ಕೆ 6.50. ಮೇಷ್ಟ್ರು ಕನ್ನಡಕವನ್ನು ಸರಿಪಡಿಸಿಕೊಂಡು ಆ ಅಂಕಿಗಳನ್ನು ಎರಡು ಸಲ ಓದಿ, “ಅಲ್ಲ ಸ್ವಾಮಿ, ಹೆಚ್ಚು ಕಾಲ ಹಣ ಬಿಟ್ಟುಕೊಟ್ಟವನಿಗೆ ಹೆಚ್ಚು ಬಡ್ಡಿ ಸಲ್ಲಬೇಕಾದದ್ದು ನ್ಯಾಯವಲ್ಲವೆ? ಇಲ್ಲಿ ಐದು ವರ್ಷ ಕಾಯುವವನಿಗಿಂತ ಒಂದೂಕಾಲು ವರ್ಷ ಕಾಯುವವನೇ ಮೇಲಾದನಲ್ಲ!” ಎಂದರು.

ಮೇಷ್ಟ್ರ ಪ್ರಶ್ನೆ ಸಣ್ಣದಲ್ಲ. ಅವರು ಕಂಡ ಆ ಅಂಕಿಗಳನ್ನು ಒಂದು ಕಾಗದದ ಮೇಲೆ ಚುಕ್ಕೆಗಳಾಗಿ ಗುರುತಿಸಿ, ಅವಧಿಯನ್ನು ಅಡ್ಡಲಾಗಿಯೂ ಬಡ್ಡಿಯನ್ನು ನೆಟ್ಟಗೂ ಎಣಿಸಿ, ಚುಕ್ಕೆಗಳನ್ನು ಒಂದು ಗೆರೆಯಿಂದ ಕೂಡಿಸಿದರೆ, ನಡುವೆ ಉಬ್ಬಿ ತುದಿಯಲ್ಲಿ ತಗ್ಗಿದ ಒಂದು ಆಕೃತಿ ಮೂಡುತ್ತದೆ. ಸರಕಾರದ ಸಾಲಪತ್ರಗಳನ್ನು ಕುರಿತು ಇದೇ ಕ್ರಮದಲ್ಲಿ ಎಳೆದ ಗೆರೆಗೆ ಬಾಂಡ್ ಪೇಟೆಯವರು ಇಳುವರಿ ರೇಖೆಯೆಂದು ಹೆಸರಿಟ್ಟಿದ್ದಾರೆ. ಈ ರೇಖೆ ಕೆಲವು ಕಾಲ ಏರುತ್ತದೆ, ಕೆಲವು ಕಾಲ ಮಲಗುತ್ತದೆ, ಕೆಲವು ಕಾಲ ತಲೆಕೆಳಗಾಗುತ್ತದೆ. ಈ ಆಕಾರಗಳಿಗೆ ಕಾರಣವೇನು, ಅವುಗಳಿಂದ ಮುಂಬರುವ ಕಾಲವನ್ನು ಎಷ್ಟರಮಟ್ಟಿಗೆ ಊಹಿಸಬಹುದು ಎಂಬ ವಿಷಯದಲ್ಲಿ ಶತಮಾನಕ್ಕೂ ಮಿಕ್ಕಿ ವಿದ್ವಾಂಸರು ವಾದಮಾಡಿದ್ದಾರೆ. ಆ ವಾದಗಳನ್ನೂ ಅವುಗಳಿಗೆ ಒರೆಗಲ್ಲಾದ ಅನುಭವಗಳನ್ನೂ ಒಟ್ಟಾಗಿ ಪರಿಶೀಲಿಸಿ, ಸಾಮಾನ್ಯ ಓದುಗನಿಗೆ ಗ್ರಾಹ್ಯವಾದ ಒಂದು ನಿಲುವಿಗೆ ಬರುವುದು ಈ ಲೇಖನದ ಉದ್ದೇಶ.

ಇಳುವರಿ ಎಂಬುದು ಹೊಲದಿಂದ ಪೇಟೆಗೆ ಬಂದ ಮಾತು. ಎಕರೆಗೆ ಬರುವ ರಾಗಿ ಅಷ್ಟೇ ಇದ್ದರೂ, ಹೊಲವನ್ನು ಅಗ್ಗವಾಗಿ ಕೊಂಡವನಿಗೆ ಹಾಕಿದ ದುಡ್ಡಿಗೆ ಬರುವ ಫಲ ಹೆಚ್ಚು, ದುಬಾರಿಯಾಗಿ ಕೊಂಡವನಿಗೆ ಕಡಿಮೆ. ಸಾಲಪತ್ರದ ಧರ್ಮವೂ ಇದೇ. 100 ರೂಪಾಯಿ ಮುಖಬೆಲೆಯುಳ್ಳ, ವರ್ಷಕ್ಕೆ 7 ರೂಪಾಯಿ ಬಡ್ಡಿ ತರುವ, ಇನ್ನೊಂದೇ ವರ್ಷದಲ್ಲಿ ತೀರತಕ್ಕ ಪತ್ರವೊಂದಿದೆಯೆನ್ನೋಣ. ಅದರಿಂದ ಬರತಕ್ಕ 107 ರೂಪಾಯಿ ನಿಶ್ಚಿತ. ಅದನ್ನು 100ಕ್ಕೆ ಕೊಂಡವನ ಇಳುವರಿ ಶೇಕಡಾ 7. ಪೇಟೆಯಲ್ಲಿ ಬೆಲೆ ಕುಸಿದು 98ಕ್ಕೆ ಕೊಂಡವನ ಇಳುವರಿ 9.18; ಬೆಲೆ ಏರಿ 102ಕ್ಕೆ ಕೊಂಡವನದು 4.90. ಬೆಲೆಯೂ ಇಳುವರಿಯೂ ತಕ್ಕಡಿಯ ಎರಡು ತಟ್ಟೆಗಳಂತೆ, ಒಂದು ತಗ್ಗಿದರೆ ಇನ್ನೊಂದು ಏರತಕ್ಕದ್ದು. ಅವಧಿ ದೀರ್ಘವಾದಷ್ಟೂ ಈ ತೂಗಾಟ ಪ್ರಬಲವಾಗುತ್ತದೆ. ಶೇಕಡಾ 7ರ ಬಡ್ಡಿಯ ಪತ್ರಗಳ ಇಳುವರಿ 8ಕ್ಕೆ ಏರಿತೆಂದರೆ, ಎರಡು ವರ್ಷದ ಪತ್ರ 100ರಿಂದ 98.22ಕ್ಕೆ ಮಾತ್ರ ಇಳಿಯುತ್ತದೆ; ಮೂವತ್ತು ವರ್ಷದ್ದಾದರೋ 88.74ಕ್ಕೆ ಕುಸಿಯುತ್ತದೆ. ಈ ಎರಡು ಅಂಕಿಗಳು ಮುಂದಿನ ವಾದಕ್ಕೆಲ್ಲ ಬುನಾದಿಯಾಗಿರುವುದರಿಂದ ಓದುಗರು ಅವನ್ನು ನೆನಪಿನಲ್ಲಿಡಬೇಕಾಗಿ ಪ್ರಾರ್ಥನೆ.

ರೇಖೆಯನ್ನೆಳೆಯುವಾಗ ಸರಕಾರದ ಪತ್ರಗಳನ್ನೇ ಆರಿಸಿಕೊಳ್ಳುವುದಕ್ಕೆ ಕಾರಣವುಂಟು. ಸಾಲಗಾರರು ಬೇರೆಬೇರೆಯಾದರೆ ಬಡ್ಡಿಯ ಅಂತರದಲ್ಲಿ ಅವಧಿಯ ಪಾಲೆಷ್ಟು, ನಂಬಿಕೆಯ ಪಾಲೆಷ್ಟು ಎಂದು ಬಿಡಿಸಿ ನೋಡುವುದು ಕಷ್ಟ; ಸಾಲಗಾರ ಒಬ್ಬನೇ ಆದರೆ ಕಾಲವೊಂದೇ ಭೇದಕ. ಆದರೂ ಕಂಪನಿಗಳ ಪತ್ರಗಳಿಂದ ರೇಖೆಯನ್ನೆಳೆದವರೂ ಉಂಟು: ಅಮೆರಿಕದಲ್ಲಿ ಡೇವಿಡ್ ಡುರಾಂಡ್ ಎಂಬವರು 1942ರಲ್ಲಿ, 1900ರಿಂದ ಈಚೆಗಿನ ಅತ್ಯಂತ ವಿಶ್ವಾಸಾರ್ಹ ಕಂಪನಿಗಳ ಸಾಲಪತ್ರಗಳನ್ನು ಕಲೆಹಾಕಿ, ವರ್ಷವರ್ಷಕ್ಕೂ ಚುಕ್ಕೆಗಳನ್ನಿಟ್ಟು, ಅವುಗಳ ಕೆಳಂಚನ್ನು ಅನುಸರಿಸಿ ಕೈಯಿಂದಲೇ ರೇಖೆಗಳನ್ನೆಳೆದು ಪ್ರಕಟಿಸಿದರು. ಅಂದಿನಿಂದ ಇಂದಿನವರೆಗೆ ಪೇಟೆಯವರು ಗುರುತಿಸುತ್ತ ಬಂದಿರುವ ಆಕಾರಗಳು ನಾಲ್ಕು. ಅವಧಿ ಬೆಳೆದಂತೆ ಇಳುವರಿಯೂ ಬೆಳೆಯುವುದು ಏರುರೇಖೆ. ಎಲ್ಲ ಅವಧಿಗೂ ಹೆಚ್ಚುಕಡಿಮೆ ಒಂದೇ ಇಳುವರಿಯಿರುವುದು ಸಮರೇಖೆ. ಅಲ್ಪಾವಧಿಯದೇ ಮೇಲಾಗಿ ದೀರ್ಘಾವಧಿಯದು ತಗ್ಗಿರುವುದು ಇಳಿರೇಖೆ, ಪತ್ರಿಕೆಗಳು ತಲೆಕೆಳಗಾದ ರೇಖೆಯೆಂದು ಬರೆಯುವುದು ಇದನ್ನೇ. ಮೇಷ್ಟ್ರು ಕಂಡ ಫಲಕದಂತೆ ನಡುವೆ ಉಬ್ಬಿರುವುದು ಡುಬ್ಬರೇಖೆ.

ಇವುಗಳಲ್ಲಿ ಮೊದಲನೆಯದನ್ನು ಸಹಜವೆಂತಲೂ ಉಳಿದವನ್ನು ವಿಕಾರಗಳೆಂತಲೂ ಭಾವಿಸುವುದು ಈಗ ವಾಡಿಕೆಯಾಗಿದೆ. ಆದರೆ ಡುರಾಂಡರ ಪಟಗಳನ್ನೇ ನೋಡಿದರೆ, 20ನೆಯ ಶತಮಾನದ ಮೊದಲ ಮೂರು ದಶಕಗಳ ಬಹುಪಾಲು ವರ್ಷಗಳಲ್ಲಿ ರೇಖೆ ಸಮವಾಗಿಯೋ ಇಳಿಮುಖವಾಗಿಯೋ ಇದ್ದು, 1930ರ ದಶಕದಿಂದೀಚೆಗೆ ಮಾತ್ರ ಏರುರೇಖೆ ನೆಲೆನಿಂತಿತೆಂದು ತಿಳಿದುಬರುತ್ತದೆ. ನಾಣ್ಯವು ಚಿನ್ನಕ್ಕೆ ಕಟ್ಟುಬಿದ್ದು, ಪದಾರ್ಥಗಳ ಬೆಲೆ ಶಾಶ್ವತವಾಗಿ ಏರುತ್ತಲೇ ಹೋಗುವುದೆಂಬ ಭಯ ಯಾರಿಗೂ ಇಲ್ಲದಿದ್ದ ಕಾಲದಲ್ಲಿ ದೀರ್ಘಸಾಲ ಕೊಡುವವನು ಹೆಚ್ಚಿನ ಪ್ರತಿಫಲವನ್ನು ಕೇಳುವುದಕ್ಕೆ ಕಾರಣವೂ ಕಡಿಮೆಯಾಗಿತ್ತು. ಆದಕಾರಣ ನಾವು ಸಹಜವೆನ್ನುವ ಆಕಾರವೂ ಒಂದು ಯುಗದ, ಒಂದು ಬಗೆಯ ನಾಣ್ಯವ್ಯವಸ್ಥೆಯ ಸಂತಾನವೇ ಹೊರತು ಪ್ರಕೃತಿನಿಯಮವಲ್ಲ.

ಕಾರಣಗಳನ್ನು ಹೇಳಹೊರಟವರಲ್ಲಿ ಮೊದಲು ಸ್ಮರಿಸತಕ್ಕವರು ಅಮೆರಿಕದ ಅರ್ಥಶಾಸ್ತ್ರಜ್ಞ ಇರ್ವಿಂಗ್ ಫಿಷರ್. 1896ರಷ್ಟು ಹಿಂದೆಯೇ ಅವರು ನಿರೂಪಿಸಿದ ವಿಚಾರಸರಣಿಯ ಪ್ರಕಾರ, ದೀರ್ಘಾವಧಿಯ ಬಡ್ಡಿಯೆಂಬುದು ಪ್ರತ್ಯೇಕವಾದ ಒಂದು ವಸ್ತುವಲ್ಲ; ಮುಂದೆ ಬರಲಿರುವ ಅಲ್ಪಾವಧಿಯ ಬಡ್ಡಿಗಳನ್ನು ಕುರಿತು ಜನಕ್ಕಿರುವ ನಿರೀಕ್ಷೆಗಳ ಸರಾಸರಿಯೇ ಅದು. ಈ ವರ್ಷದ ಬಡ್ಡಿ 6, ಮುಂದಿನ ವರ್ಷ 8 ಆದೀತೆಂದು ಎಲ್ಲರೂ ನಂಬಿದ್ದರೆ, ಎರಡು ವರ್ಷದ ಪತ್ರ ಸುಮಾರು 7ಕ್ಕೆ ನಿಲ್ಲಲೇಬೇಕು. ಅದಕ್ಕಿಂತ ಕಡಿಮೆಯಾದರೆ ಜನ ಒಂದೊಂದೇ ವರ್ಷಕ್ಕೆ ಸಾಲ ಕೊಡುತ್ತ ಹೋಗುವರು, ಹೆಚ್ಚಾದರೆ ಎರಡು ವರ್ಷದ ಪತ್ರಕ್ಕೇ ಮುಗಿಬೀಳುವರು. ಈ ವರ್ಷ 8 ಇದ್ದು ಮುಂದಿನ ವರ್ಷ 4ಕ್ಕೆ ಇಳಿಯುವುದೆಂಬ ನಂಬಿಕೆಯಿದ್ದರೆ ಎರಡು ವರ್ಷದ ಪತ್ರ ಸುಮಾರು 6. ಅಲ್ಲಿಗೆ ಇಳಿರೇಖೆ ಹುಟ್ಟಿತು.

ಈ ಸಿದ್ಧಾಂತ ಸುಂದರವಾಗಿದ್ದರೂ ಅಪೂರ್ಣ. ಬಡ್ಡಿ ಏರುವುದೆಂಬ ನಿರೀಕ್ಷೆಯೂ ಇಳಿಯುವುದೆಂಬ ನಿರೀಕ್ಷೆಯೂ ಸಮಸಮವಾಗಿ ಬಂದುಹೋಗುವಾಗ, ರೇಖೆ ಬಹುಕಾಲ ಏರುಮುಖವಾಗಿಯೇ ಇರುವುದೇಕೆ? 1939ರಲ್ಲಿ ಇಂಗ್ಲೆಂಡಿನ ಜಾನ್ ಹಿಕ್ಸ್ ಇದಕ್ಕೆ ಸಮಾಧಾನ ಹೇಳಿದರು. ಸಾಲ ಕೊಡುವವನು ತನ್ನ ಹಣ ಬೇಗ ಕೈಸೇರಲಿ ಎನ್ನುತ್ತಾನೆ. ಕಾರ್ಖಾನೆ ಕಟ್ಟುವವನೂ ರಾಜ್ಯವಾಳುವವನೂ ಸಾಲ ಬಹುಕಾಲ ತಮ್ಮಲ್ಲೇ ಇರಲಿ ಎನ್ನುತ್ತಾರೆ. 98.22ಕ್ಕೆ ಇಳಿಯಬಹುದಾದ ಪತ್ರವನ್ನು ಬಿಟ್ಟು 88.74ಕ್ಕೆ ಕುಸಿಯಬಹುದಾದ ಪತ್ರವನ್ನು ಹಿಡಿಯೆಂದು ಒಬ್ಬನನ್ನು ಒಪ್ಪಿಸಬೇಕಾದರೆ ಅವನ ಭಯಕ್ಕೆ ತಕ್ಕ ಸಂಭಾವನೆ ಸಲ್ಲಬೇಕು. 1957ರಲ್ಲಿ ಅರ್ಥಶಾಸ್ತ್ರಜ್ಞ ಕಲ್ಬರ್ಟ್‌ಸನ್ ಇನ್ನೊಂದು ಪಕ್ಷವನ್ನೆತ್ತಿದರು: ಬ್ಯಾಂಕುಗಳು ಅಲ್ಪಾವಧಿಯ ಪತ್ರಗಳನ್ನೂ ವಿಮಾಸಂಸ್ಥೆಗಳು ದೀರ್ಘಾವಧಿಯ ಪತ್ರಗಳನ್ನೂ ಅರಸುವುದರಿಂದ, ಒಂದೊಂದು ಅವಧಿಯೂ ಬೇರೆಬೇರೆ ಸಂತೆಯೇ ಸರಿ. 1966ರಲ್ಲಿ ಅರ್ಥಶಾಸ್ತ್ರಜ್ಞರಾದ ಮೊದಿಲ್ಯಾನಿ ಮತ್ತು ಸಚ್ ಈ ಮೂರು ಮತಗಳಿಗೂ ಒಂದು ಸಾಮರಸ್ಯವನ್ನು ತಂದರು. ಪ್ರತಿಯೊಬ್ಬ ಹೂಡಿಕೆದಾರನಿಗೂ ತನಗೊಪ್ಪುವ ಅವಧಿಯೆಂಬ ಒಂದು ಬೀಡುಂಟು. ಆದರೆ ಆಚೆಗೆ ಸಾಕಷ್ಟು ಲಾಭ ಕಂಡರೆ ಅವನು ಬೀಡನ್ನು ಬಿಟ್ಟು ಬರುವುದೂ ಉಂಟು ಎಂಬುದು ಅವರ ಮತ.

ಈ ನಾಲ್ಕು ಮತಗಳಲ್ಲಿ ಯಾವುದೂ ಸುಳ್ಳಲ್ಲ, ಯಾವುದೊಂದೂ ಸಾಲದು. ನನ್ನ ಬುದ್ಧಿಗೆ ತೋರುವುದೇನೆಂದರೆ, ಇಳುವರಿ ರೇಖೆ ಒಂದು ತುದಿ ಗೂಟಕ್ಕೆ ಬಿಗಿದಿರುವ ಹಗ್ಗದಂತಿದೆ. ಎಡತುದಿಯ ಗೂಟವನ್ನು ನೆಡುವುದೂ ಕೀಳುವುದೂ ಕೇಂದ್ರಬ್ಯಾಂಕಿನ ಅಧಿಕಾರ. ನಮ್ಮಲ್ಲಿ ರಿಸರ್ವ್ ಬ್ಯಾಂಕು ರೆಪೊ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಅಲ್ಪಾವಧಿಗೆ ಕೊಡುವ ಸಾಲದ ಬಡ್ಡಿಯನ್ನು, ಗೊತ್ತುಮಾಡಿದರೆ 91 ದಿನಗಳ ಟ್ರೆಜರಿ ಬಿಲ್ಲು, ಅಂದರೆ ಸರಕಾರದ ಅಲ್ಪಾವಧಿಯ ಖಜಾನೆ ಹುಂಡಿ, ಅದರ ಆಸುಪಾಸಿನಲ್ಲಿಯೇ ಸುಳಿಯುತ್ತದೆ. ಬಲತುದಿಯಾದರೋ ಅನೇಕರ ಕೈಯಲ್ಲಿದೆ: ಹಣದುಬ್ಬರಕ್ಕೆ ಅಂಜುವವರು ಅದನ್ನು ಮೇಲಕ್ಕೆ ಜಗ್ಗುತ್ತಾರೆ, ಮುಂದೆ ಬಡ್ಡಿ ಇಳಿಯುವುದೆಂದು ನಂಬಿದವರೂ ದೂರಕಾಲದ ಹೊಣೆಯನ್ನು ಹೊತ್ತ ಪಿಂಚಣಿ ನಿಧಿಗಳೂ ಕೆಳಕ್ಕೆಳೆಯುತ್ತಾರೆ, ಕೆಲವು ಕಾಲ ಸರಕಾರವೇ ಹಿಡಿದು ನಿಲ್ಲಿಸುತ್ತದೆ. ಆದುದರಿಂದ ಆಕಾರವನ್ನು ಕಂಡೊಡನೆ ಅರ್ಥ ಹೇಳಹೋಗದೆ, ಅದನ್ನು ಹಾಗೆ ಎಳೆದ ಕೈ ಯಾವುದೆಂದು ಮೊದಲು ಕೇಳಬೇಕು. ಒಂದೇ ಆಕಾರಕ್ಕೆ ಬೇರೆಬೇರೆ ಕೈಗಳು ಕಾರಣವಾಗಬಲ್ಲವು.

ಏರುರೇಖೆಯನ್ನೇ ನೋಡೋಣ. ಅದು ಕಡಿದಾಗುವುದಕ್ಕೆ ಎರಡು ದಾರಿಗಳಿವೆ: ಕೇಂದ್ರಬ್ಯಾಂಕು ಬಡ್ಡಿಯನ್ನು ಇಳಿಸಿ ಎಡತುದಿಯನ್ನು ತಗ್ಗಿಸಬಹುದು; ಇಲ್ಲವೆ ಹಣದುಬ್ಬರದ ಭಯದಿಂದಲೋ ಸರಕಾರದ ಸಾಲದ ಭಾರದಿಂದಲೋ ಬಲತುದಿ ಮೇಲೇಳಬಹುದು. ಮೊದಲನೆಯದು ಚೇತರಿಕೆಗೆ ಹಾಸಿದ ಹಾದಿ, ಎರಡನೆಯದು ಅಪನಂಬಿಕೆಯ ಗುರುತು. ಕಾಗದದ ಮೇಲೆ ಮಾತ್ರ ಎರಡೂ ಒಂದೇ ಬಗೆಯ ಗೆರೆ.

ಲೋಕದ ಗಮನವನ್ನು ಅತ್ಯಂತ ಹೆಚ್ಚಾಗಿ ಸೆಳೆದಿರುವುದು ಇಳಿರೇಖೆ. 1979ರ ಆಗಸ್ಟಿನಲ್ಲಿ ಅಮೆರಿಕದ ಕೇಂದ್ರಬ್ಯಾಂಕಾದ ಫೆಡರಲ್ ರಿಸರ್ವಿನ ಅಧ್ಯಕ್ಷರಾದ ಪಾಲ್ ವೋಲ್ಕರ್, ಹತೋಟಿ ತಪ್ಪಿದ್ದ ಹಣದುಬ್ಬರವನ್ನು ಅಡಗಿಸಲು ಅಲ್ಪಾವಧಿಯ ಬಡ್ಡಿಯನ್ನು ನಿಷ್ಠುರವಾಗಿ ಮೇಲೆತ್ತಿದರು. 1981ರ ಮೇ ತಿಂಗಳಲ್ಲಿ ಮೂರು ತಿಂಗಳ ಖಜಾನೆ ಹುಂಡಿ ಶೇಕಡಾ 16ನ್ನು ದಾಟಿದ್ದಾಗ ಹತ್ತು ವರ್ಷದ ಪತ್ರ ಸುಮಾರು 14ರಲ್ಲಿತ್ತು. ಈ ಕಾಠಿಣ್ಯ ಬಹುಕಾಲ ನಡೆಯದು, ಬಡ್ಡಿ ಇಳಿದೇ ತೀರುವುದೆಂದು ಪೇಟೆ ನಂಬಿತ್ತೆಂದೇ ಇದರ ಅರ್ಥ. ಆ ವರ್ಷದ ಜುಲೈಯಲ್ಲಿ ಆರಂಭವಾದ ಹಿಂಜರಿತ 1982ರ ನವೆಂಬರಿನವರೆಗೆ ನಡೆಯಿತು. 1986ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಕ್ಯಾಂಪ್‌ಬೆಲ್ ಹಾರ್ವಿ ಎಂಬ ತರುಣ ಸಂಶೋಧಕರು ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ರೇಖೆಯ ಓಟಕ್ಕೂ ಮುಂಬರುವ ಆರ್ಥಿಕ ಬೆಳವಣಿಗೆಗೂ ಇರುವ ಸಂಬಂಧವನ್ನು ಪ್ರತಿಪಾದಿಸಿದರು. ಆ ತರುವಾಯದ 1990, 2001, 2007ರ ಹಿಂಜರಿತಗಳಿಗೆ ಮುಂಚೆಯೂ ರೇಖೆ ತಲೆಕೆಳಗಾಯಿತು. ಇದರಿಂದ ಇಳಿರೇಖೆಗೆ ಒಂದು ಪ್ರವಾದಿಯ ಕೀರ್ತಿಯೇ ಬಂದುಬಿಟ್ಟಿತು.

ಆ ಕೀರ್ತಿಯಲ್ಲಿ ಸತ್ಯಾಂಶವಿದೆ. ಇಳಿರೇಖೆ ಮುನ್ಸೂಚನೆ ಮಾತ್ರವಲ್ಲ, ಒಂದು ಮಟ್ಟಿಗೆ ಕಾರಣವೂ ಹೌದು. ಬ್ಯಾಂಕು ಅಲ್ಪಾವಧಿಗೆ ಪಡೆದು ದೀರ್ಘಾವಧಿಗೆ ಕೊಡತಕ್ಕ ಸಂಸ್ಥೆ. ಪಡೆಯುವ ಬಡ್ಡಿಗಿಂತ ತೆರುವ ಬಡ್ಡಿಯೇ ಹೆಚ್ಚಾದಾಗ ಸಾಲ ಕೊಡುವ ಉತ್ಸಾಹ ಕುಗ್ಗಿ, ಅಂಗಡಿ ಕಾರ್ಖಾನೆಗಳಿಗೆ ಹಣ ಸಿಗದಂತಾಗುತ್ತದೆ. 2023ರ ಮಾರ್ಚಿ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಸಿಲಿಕಾನ್ ವ್ಯಾಲಿ ಬ್ಯಾಂಕು ಬಿದ್ದುಹೋದದ್ದು ಈ ವ್ಯಾಪಾರದ ಅಪಾಯಕ್ಕೆ ಉಗ್ರವಾದ ನಿದರ್ಶನ. ಬಡ್ಡಿ ಅತ್ಯಲ್ಪವಾಗಿದ್ದ ಕಾಲದಲ್ಲಿ ಅದು ಠೇವಣಿದಾರರ ಹಣವನ್ನು ದೀರ್ಘಾವಧಿಯ ಪತ್ರಗಳಲ್ಲಿ ಹೂಡಿತ್ತು. ಬಡ್ಡಿ ಏರಿ ಆ ಪತ್ರಗಳ ಬೆಲೆ ಕುಸಿದಿದ್ದಾಗ ಠೇವಣಿದಾರರು ಹಣ ಕೇಳಿ ಬಂದರು. ನಮ್ಮ ಲೆಕ್ಕದ 88.74 ಅಲ್ಲಿ ಒಂದು ಬ್ಯಾಂಕಿನ ಬಾಗಿಲನ್ನೇ ಮುಚ್ಚಿಸಿತು.

ಆದರೆ ಕೀರ್ತಿ ಅಖಂಡವಾದುದಲ್ಲ. 1966ರಲ್ಲಿ ಅಮೆರಿಕದ ರೇಖೆ ತಲೆಕೆಳಗಾದರೂ ಹಿಂಜರಿತ ಬರಲಿಲ್ಲ. 2019ರಲ್ಲಿ ತಲೆಕೆಳಗಾದ ಮೇಲೆ 2020ರ ಕುಸಿತ ಬಂದದ್ದು ನಿಜ. ಆದರೆ ಅದನ್ನು ತಂದದ್ದು ಮಹಾಮಾರಿ, ಮಹಾಮಾರಿಯನ್ನು ಬಾಂಡ್ ಪೇಟೆ ಮುಂಗಂಡಿತ್ತೆನ್ನುವುದು ಸಾಹಸದ ಮಾತು. ಎಲ್ಲಕ್ಕಿಂತ ದೊಡ್ಡ ಪಾಠ ಈಚಿನದು: 2022ರ ಮಾರ್ಚಿಯಲ್ಲಿ ಶೂನ್ಯದ ಸಮೀಪದಲ್ಲಿದ್ದ ಬಡ್ಡಿಯನ್ನು ಫೆಡರಲ್ ರಿಸರ್ವ್ 2023ರ ಜುಲೈ ಹೊತ್ತಿಗೆ ಶೇಕಡಾ 5.25ರಿಂದ 5.50ರ ಮಟ್ಟಕ್ಕೆ ಏರಿಸಿತು. ಎರಡು ವರ್ಷದ ಪತ್ರದ ಇಳುವರಿ ಹತ್ತು ವರ್ಷದ್ದನ್ನು ಮೀರಿ, 2022ರ ಜುಲೈಯಿಂದ ಎರಡು ವರ್ಷಕ್ಕೂ ಹೆಚ್ಚು ಕಾಲ ರೇಖೆ ತಲೆಕೆಳಗಾಗಿಯೇ ನಿಂತಿತು. ಆದರೂ ಆ ಎರಡು ವರ್ಷಗಳಲ್ಲಿ ದೇಶದ ಉತ್ಪನ್ನ ಬೆಳೆಯುತ್ತಲೇ ಹೋಯಿತು. ಬಡ್ಡಿ ಇಳಿಯುವುದೆಂಬ ನಿರೀಕ್ಷೆಗೆ ಎರಡು ಬೇರುಗಳಿರಬಹುದು, ವ್ಯಾಪಾರ ಕುಸಿಯುವುದೆಂಬ ಭಯ ಒಂದು, ಹಣದುಬ್ಬರ ಶಾಂತವಾಗುವುದೆಂಬ ಭರವಸೆ ಇನ್ನೊಂದು. ಈ ಸಲ ಫಲಿಸಿದ್ದು ಭರವಸೆ.

ಬೇರೆ ದೇಶಗಳ ಇಳಿರೇಖೆಗಳನ್ನು ನೋಡಿದರೆ ಕೈಗಳ ವೈವಿಧ್ಯ ಇನ್ನೂ ಸ್ಪಷ್ಟವಾಗುತ್ತದೆ. 2013ರ ಮೇ ತಿಂಗಳಲ್ಲಿ, ಬಾಂಡುಗಳ ಖರೀದಿಯನ್ನು ತಗ್ಗಿಸಬಹುದೆಂದು ಫೆಡರಲ್ ರಿಸರ್ವ್ ಸೂಚಿಸಿದ ಮಾತ್ರಕ್ಕೆ ಪರದೇಶದ ಹಣ ಭಾರತದಿಂದ ಹೊರಡತೊಡಗಿ ರೂಪಾಯಿ ಕುಸಿಯಿತು. ರೂಪಾಯಿಯ ರಕ್ಷಣೆಗಾಗಿ ಜುಲೈ 15ರಂದು ರಿಸರ್ವ್ ಬ್ಯಾಂಕು ತನ್ನ ತುರ್ತುಸಾಲದ ದರವನ್ನು ಒಮ್ಮೆಲೇ ಎರಡು ಅಂಶ ಏರಿಸಿ ಶೇಕಡಾ 10.25 ಮಾಡಿತು, ರೆಪೊ ದರ 7.25ರಲ್ಲಿಯೇ ಉಳಿಯಿತು. ಕೆಲವೇ ದಿನಗಳಲ್ಲಿ ಅಲ್ಪಾವಧಿಯ ಬಿಲ್ಲುಗಳ ಇಳುವರಿ ಹತ್ತು ವರ್ಷದ ಪತ್ರದ್ದನ್ನು ಮೀರಿತು. ಅದು ಹಿಂಜರಿತದ ಭವಿಷ್ಯವಾಣಿಯಾಗಿರಲಿಲ್ಲ, ನಾಣ್ಯಕ್ಕೆ ಕಟ್ಟಿದ ತಾತ್ಕಾಲಿಕ ಒಡ್ಡಾಗಿತ್ತು. ಆ ವರ್ಷವೂ ಮರುವರ್ಷವೂ ದೇಶದ ಉತ್ಪನ್ನ ವೃದ್ಧಿಯಾಯಿತು. ಬ್ರಿಟನ್ನಿನಲ್ಲಿ 20ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಪಿಂಚಣಿ ನಿಧಿಗಳನ್ನು ಕುರಿತ ಹೊಸ ಕಾಯಿದೆ ಬಂದು, ಆ ನಿಧಿಗಳೆಲ್ಲ ದೀರ್ಘಾವಧಿಯ ಸರಕಾರಿ ಪತ್ರಗಳಿಗಾಗಿ ಪೈಪೋಟಿ ನಡೆಸಿದ್ದರಿಂದ ರೇಖೆಯ ಬಾಲ ತಗ್ಗಿತು. ಅಲ್ಲಿ ಎಳೆದದ್ದು ಭಯವೂ ಅಲ್ಲ, ಭರವಸೆಯೂ ಅಲ್ಲ, ಕಾಯಿದೆ. ಕಲ್ಬರ್ಟ್‌ಸನ್ ಹೇಳಿದ ಬೇರೆಬೇರೆ ಸಂತೆಗಳ ಮಾತಿಗೆ ಇದಕ್ಕಿಂತ ಉತ್ತಮ ಸಾಕ್ಷ್ಯ ದೊರೆಯದು.

ಇನ್ನು, ಸರಕಾರವೇ ಹಗ್ಗದ ಎರಡು ತುದಿಗಳನ್ನೂ ಹಿಡಿದ ಪ್ರಸಂಗಗಳುಂಟು. ಎರಡನೆಯ ಮಹಾಯುದ್ಧದ ವೆಚ್ಚಕ್ಕಾಗಿ ಅಮೆರಿಕವು 1942ರಿಂದ ಹುಂಡಿಯ ಇಳುವರಿಯನ್ನು ಶೇಕಡಾ ಮೂರು ಅಷ್ಟಮಾಂಶಕ್ಕೂ ದೀರ್ಘಪತ್ರದ್ದನ್ನು ಎರಡೂವರೆಗೂ ಕಟ್ಟಿಹಾಕಿತು. ನೋಡುವುದಕ್ಕೆ ಅಂದವಾದ ಏರುರೇಖೆ. ಆದರೆ ದೀರ್ಘಪತ್ರದ ಬೆಲೆ ಬೀಳದಂತೆ ಕೇಂದ್ರಬ್ಯಾಂಕೇ ಕಾವಲಿದ್ದಾಗ ಅಲ್ಪಾವಧಿಯ ಹುಂಡಿಯನ್ನು ಯಾರು ಹಿಡಿದಾರು? ಜನ ಹುಂಡಿಗಳನ್ನು ಮಾರಿ ಹೆಚ್ಚು ಇಳುವರಿಯ ಪತ್ರಗಳನ್ನು ಕೊಳ್ಳುತ್ತ ಹೋದರು, ಹುಂಡಿಗಳ ಬಹುಭಾಗ ಫೆಡರಲ್ ರಿಸರ್ವಿನ ಕೈಯಲ್ಲಿಯೇ ಬಂದು ಸೇರಿತು. ಯುದ್ಧಾನಂತರದ ಬೆಲೆಯೇರಿಕೆಯ ಮುಂದೆ ಈ ಕಟ್ಟು ನಿಲ್ಲಲಾರದೆ 1951ರ ಮಾರ್ಚಿಯಲ್ಲಿ ಖಜಾನೆಗೂ ಫೆಡರಲ್ ರಿಸರ್ವಿಗೂ ನಡುವೆ ಆದ ಒಪ್ಪಂದದಿಂದ ಸಡಿಲವಾಯಿತು. ನಮ್ಮಲ್ಲಿಯೂ 1974ರಿಂದ 1990ರ ದಶಕದ ಆರಂಭದವರೆಗೆ 91 ದಿನಗಳ ಬಿಲ್ಲಿನ ದರ ಶೇಕಡಾ 4.6ರಲ್ಲಿಯೇ ನೆಲೆಯೂರಿತ್ತು, ರಿಸರ್ವ್ ಬ್ಯಾಂಕಿನ ಸಾಲದ ದರವಾದ ಬ್ಯಾಂಕ್ ದರವೆಂಬುದು 9, 10 ಇದ್ದಾಗಲೂ. ಬ್ಯಾಂಕುಗಳು ತಮ್ಮ ಠೇವಣಿಗಳ ಮೂರನೆಯ ಒಂದು ಪಾಲಿಗೂ ಮಿಕ್ಕಿದ ಮೊತ್ತವನ್ನು ಸರಕಾರಿ ಪತ್ರಗಳಲ್ಲಿಡಬೇಕೆಂಬ ಕಟ್ಟಳೆಯೂ ಇತ್ತು. 1992ರಲ್ಲಿ ಹರಾಜಿನ ಪದ್ಧತಿ ಬಂದ ಮೇಲೆಯೇ ಭಾರತದ ರೇಖೆ ಮಾತನಾಡಲು ಕಲಿತದ್ದು. ಜಪಾನು 2016ರ ಸೆಪ್ಟೆಂಬರಿನಿಂದ 2024ರ ಮಾರ್ಚಿಯವರೆಗೆ ಹತ್ತು ವರ್ಷದ ಇಳುವರಿಯನ್ನು ಶೂನ್ಯದ ಸುತ್ತ ಹಿಡಿದಿಟ್ಟಿತ್ತು. 2022ರ ಅಕ್ಟೋಬರಿನಲ್ಲಿ ಆ ಪತ್ರ ಸತತವಾಗಿ ಕೆಲವು ದಿನ ಒಂದೂ ವ್ಯಾಪಾರವಾಗದೆ ಉಳಿಯಿತು. ಕಟ್ಟಿಹಾಕಿದ ರೇಖೆಯಲ್ಲಿ ಆಳುವವರ ಸಂಕಲ್ಪವನ್ನು ಓದಬಹುದೇ ಹೊರತು ಜನರ ಅಭಿಪ್ರಾಯವನ್ನಲ್ಲ.

ಸಮರೇಖೆ ಮತ್ತು ಡುಬ್ಬರೇಖೆಗಳು ಸಾಮಾನ್ಯವಾಗಿ ಸಂಧಿಕಾಲದ ಆಕೃತಿಗಳು. ಒಂದು ನಿರೀಕ್ಷೆ ಹೋಗಿ ಇನ್ನೊಂದು ಬರುವ ಹೊಸ್ತಿಲಿನಲ್ಲಿ ಅವು ಕಾಣಿಸಿಕೊಳ್ಳುತ್ತವೆ. ಇದಕ್ಕೆ ಹತ್ತಿರದ ಉದಾಹರಣೆ ನಮ್ಮ ದೇಶದ್ದೇ. 2023ರ ಫೆಬ್ರವರಿಯಿಂದ ಎರಡು ವರ್ಷ ರೆಪೊ ದರ ಶೇಕಡಾ 6.50ರಲ್ಲಿ ಅಚಲವಾಗಿದ್ದಾಗ, 91 ದಿನಗಳ ಬಿಲ್ಲಿಗೂ ಹತ್ತು ವರ್ಷದ ಪತ್ರಕ್ಕೂ ನಡುವೆ ಬಹುತೇಕ ಅಂತರವೇ ಉಳಿಯಲಿಲ್ಲ. ಜೀವವಿಮೆಯವರೂ ಭವಿಷ್ಯನಿಧಿಯವರೂ ದೀರ್ಘಪತ್ರಗಳಿಗೆ ಕಾದಿರುವವರಾದ್ದರಿಂದ ಮೂವತ್ತು, ನಲವತ್ತು ವರ್ಷಗಳ ಕಡೆಗೂ ರೇಖೆ ಹೆಚ್ಚು ಏರಲಿಲ್ಲ. 2025ರಲ್ಲಿ ರಿಸರ್ವ್ ಬ್ಯಾಂಕು ದರವನ್ನು ಹಂತಹಂತವಾಗಿ 5.25ಕ್ಕೆ ತಂದಾಗ ಎಡತುದಿ ತಗ್ಗಿತು, ಬಲತುದಿ ಅಷ್ಟಾಗಿ ತಗ್ಗಲಿಲ್ಲ. ಮಲಗಿದ್ದ ರೇಖೆ ಮತ್ತೆ ಏರುರೇಖೆಯಾಯಿತು.

ಈಗ ಮೇಷ್ಟ್ರ ಫಲಕಕ್ಕೆ ಹಿಂದಿರುಗೋಣ. ಐದು ವರ್ಷಕ್ಕೆ 6.50 ಮಾತ್ರ ಕೊಡುತ್ತೇನೆಂದ ಬ್ಯಾಂಕು ಅನ್ಯಾಯವನ್ನೇನೂ ಮಾಡಿರಲಿಲ್ಲ. ಇಂದು ಠೇವಣಿ ಬೇಕು, ಆದರೆ ಮುಂದೆ ಬಡ್ಡಿ ಇಳಿಯುವಂತಿರುವಾಗ ಐದು ವರ್ಷಗಳ ಕಾಲ ಹೆಚ್ಚಿನ ಬಡ್ಡಿಗೆ ಕಟ್ಟುಬೀಳಲಾರೆ ಎಂಬುದನ್ನೇ ಅದು ಅಂಕಿಗಳ ಮೂಲಕ ಹೇಳಿತ್ತು. ಫಿಷರರ ಸರಾಸರಿಯ ಲೆಕ್ಕ ನಮ್ಮ ಪೇಟೆಬೀದಿಯ ಗೋಡೆಯ ಮೇಲಿತ್ತು. ನಾನು ಇಷ್ಟನ್ನು ವಿವರಿಸಿ, “ಮೇಷ್ಟ್ರೇ, 444 ದಿನಗಳಾದ ಮೇಲೆ ಈ ಹಣವನ್ನು ಯಾವ ದರಕ್ಕೆ ಇಡುತ್ತೀರಿ ಎಂಬುದನ್ನು ಈ ಫಲಕ ಹೇಳುವುದಿಲ್ಲ” ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಮೊಮ್ಮಗಳ ವಿದ್ಯಾಭ್ಯಾಸಕ್ಕೆ ಬೇಗನೆ ಬೇಕಾಗುವ ಅರ್ಧವನ್ನು 444 ದಿನಗಳಿಗೂ, ತಮ್ಮ ತಿಂಗಳ ಖರ್ಚಿಗೆ ಆಧಾರವಾಗತಕ್ಕ ಅರ್ಧವನ್ನು ಐದು ವರ್ಷಕ್ಕೂ ಇಟ್ಟರು. 2025ರ ಕೊನೆಯಲ್ಲಿ ಮೊದಲ ರಸೀತಿಯ ಅವಧಿ ತೀರಿದಾಗ ಅದೇ ಫಲಕದಲ್ಲಿ 444 ದಿನಗಳ ದರ ಏಳರ ಕೆಳಗೆ ಇಳಿದಿತ್ತು; ಐದು ವರ್ಷದ ರಸೀತಿಯ ಮೇಲಿನ 6.50 ಮಾತ್ರ ಬದಲಾಗಿರಲಿಲ್ಲ, 2029ರವರೆಗೆ ಬದಲಾಗುವುದೂ ಇಲ್ಲ.

ದರ ಏರಿದ್ದರೆ ಮೇಷ್ಟ್ರ ಆಯ್ಕೆಯ ಇನ್ನರ್ಧ ಮೇಲಾಗುತ್ತಿತ್ತೆಂಬುದನ್ನೂ ಇಲ್ಲಿಯೇ ಹೇಳುವುದು ಪ್ರಾಮಾಣಿಕತೆ. ರೇಖೆಯನ್ನು ಬಲ್ಲವನಿಗೂ ಮುಂದಿನ ದಿನ ಕಾಣುವುದಿಲ್ಲ. ಅವನಿಗೆ ಕಾಣುವುದು ಇಂದಿನ ಜನ ಆ ದಿನವನ್ನು ಕುರಿತು ಏನೆಣಿಸಿದ್ದಾರೆಂಬುದು, ಆ ಎಣಿಕೆಯಲ್ಲಿ ಭಯವೆಷ್ಟು, ಭರವಸೆಯೆಷ್ಟು, ಕಾಯಿದೆಯ ಒತ್ತಾಯವೆಷ್ಟು ಎಂಬುದು. ಅದನ್ನು ತನ್ನ ಅಗತ್ಯದ ಪಕ್ಕದಲ್ಲಿಟ್ಟು ನೋಡಿ, ಯಾವ ಹಣ ಎಂದು ಬೇಕೋ ಆ ಹಣಕ್ಕೆ ಆ ಅವಧಿಯನ್ನು ಹೊಂದಿಸುವವನು, ರೇಖೆಯ ಆಕಾರ ಹೇಗೆ ಬದಲಾದರೂ ತನ್ನ ಮನೆಯ ಲೆಕ್ಕ ಕೆಡದಂತೆ ನೋಡಿಕೊಂಡಾನು.